ಟೇಪು ಹೇಳಿದ್ದು

ಕಾರ್ಖಾನೆ ಊರು ಬಿಡುತ್ತಿದೆ ಎಂಬ ಸುದ್ದಿಯನ್ನು ಅಪ್ಪ ಊಟದ ನಡುವೆ, ಆಲೂಗಡ್ಡೆಯ ಪಾತ್ರೆಯನ್ನು ಅಜ್ಜಿಯ ಕಡೆಗೆ ಸರಿಸುತ್ತ ಹೇಳಿದರು.

“ಬರೋ ತಿಂಗಳು ಒಂದನೇ ತಾರೀಕಿಂದ ಹೊಸ ಶೆಡ್ಡು. ಅರವತ್ತೆರಡು ಕಿಲೋಮೀಟರ್.”

“ಹೋಗಿ ಬರೋಕಾ?” ತಮ್ಮ ಕೇಳಿದ.

“ಹೋಗೋಕೆ ಅರವತ್ತೆರಡು. ಬರೋಕೆ ಇನ್ನೊಂದು ಅರವತ್ತೆರಡು.”

ಅಪ್ಪ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವರು. ಉಳಿದವರು ಏಳೂವರೆಗೆ ಕೆಲಸಕ್ಕೆ ನಿಲ್ಲುವ ಹೊತ್ತಿಗೆ ಕೊಳವೆಗಳಲ್ಲಿ ಆವಿ ತುಂಬಿರಬೇಕು. ಅದಕ್ಕೆ ಆರಕ್ಕೇ ಬೆಂಕಿ ಹೊತ್ತಿಸಬೇಕು. ಕಾರ್ಖಾನೆಯವರು ಎಲ್ಲರಿಗೂ ಬಸ್ಸು ಬಿಡುತ್ತಾರಂತೆ, ಆದರೆ ಆ ಬಸ್ಸು ನಮ್ಮ ಊರು ಬಿಡುವುದೇ ಆರಕ್ಕೆ. ಬಾಯ್ಲರ್‌ನವನಿಗೆ ಬೇಕಾದರೆ ಬಾಯ್ಲರ್ ಮನೆಯ ಹಿಂದೆ ಒಂದು ರೂಮು, ಒಂದು ಮಂಚ. ವಾರಕ್ಕೊಮ್ಮೆ ಮನೆ.

“ರೂಮಾ?” ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. “ನನ್ನ ಕಣ್ಣಿಗೆ ಔಷಧಿ ಯಾರು ಬಿಡ್ತಾರೆ?”

“ನಿನ್ನ ಸೊಸೆ ಇದಾಳಲ್ಲಮ್ಮ.”

“ಅವಳ ಕೈ ಹತ್ರ ಬಂದ್ರೆ ಸೂಜಿ ಬಂದ ಹಾಗಾಗುತ್ತೆ ಕಣೋ. ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ.”

ಅಮ್ಮ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಸಂಜೆ ಗಿರಾಕಿಗಳ ಹೊತ್ತಾದ್ದರಿಂದ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ಅಪ್ಪನದು. ಎರಡೂವರೆಗೆ ಕೆಲಸ ಬಿಟ್ಟು, ತರಕಾರಿ ಹಿಡಿದು ಬಂದು, ಐದಕ್ಕೆ ಅಜ್ಜಿಯ ಕಣ್ಣಿಗೆ ಎರಡು ಹನಿ ಬಿಟ್ಟು, ಒಲೆ ಹಚ್ಚುತ್ತಿದ್ದರು. ಅಪ್ಪನ ರೂಮು ಎಂದರೆ ನಮ್ಮ ಒಲೆಯೂ ಅಲ್ಲಿಗೇ ಹೋದ ಹಾಗೆ. ಅದು ಎಲ್ಲರಿಗೂ ಹೊಳೆಯಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಪದವಿ ಮುಗಿಸಿ ಮನೆಯಲ್ಲಿರುವವಳು. ನನ್ನ ಕೈಯಲ್ಲಿ ಅನ್ನ ಒಂದೋ ಗಂಜಿಯಾಗುತ್ತದೆ, ಇಲ್ಲ ಮರಳಾಗುತ್ತದೆ.

“ಬೇಡಪ್ಪಾ,” ಎಂದ ತಮ್ಮ. “ಅಪ್ಪಂಗೆ ಒಂದು ಬೈಕು ತಗೊಳ್ಳೋಣ.”

ಸ್ಕೂಟರು ಇತ್ತು. ಭಾನುವಾರ ಅದರಲ್ಲೇ ಹೊಸ ಶೆಡ್ಡಿಗೆ ಹೋಗಿಬಂದ ಅಪ್ಪ ಎರಡು ಗಂಟೆ ನೆಲದ ಮೇಲೆ ಅಂಗಾತ ಮಲಗಿ ಸೂರು ನೋಡಿದರು. “ಲಾರಿ ಪಕ್ಕದಲ್ಲಿ ಹೋದ್ರೆ ಗಾಳಿಪಟ ಆಗುತ್ತೆ. ದೂರಕ್ಕೆ ಅಂತಲೇ ಮಾಡಿರೋ ಗಾಡಿ ಬೇಕು. ದೊಡ್ಡ ಟ್ಯಾಂಕು, ಮುಂದೆ ಗಾಳಿ ತಡೆಯೋ ಗಾಜು, ನೆಟ್ಟಗೆ ಕೂರೋ ಸೀಟು. ಹೊಸದು ನಮ್ಮ ಕೈಗೆ ಎಟಕಲ್ಲ. ಯಾರಾದ್ರೂ ಓಡಿಸಿ ಸಾಕಾಗಿ ಬಿಟ್ಟಿದ್ದು ಸಿಗುತ್ತೆ.”

“ಐವತ್ಮೂರು ವರ್ಷಕ್ಕೆ ದೊಡ್ಡ ಬೈಕು,” ಎಂದಳು ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

“ನಮ್ಮ ಬಾಯ್ಲರಿಗೆ ನಲವತ್ತು. ದಿನಾ ಹೊತ್ತಿಕೊಳ್ಳಲ್ವಾ?”

“ಅದಕ್ಕೆ ದಿನಾ ನೀನು ಬೆಂಕಿ ಹಾಕ್ತೀಯ. ನಿಂಗೆ ಯಾರು ಹಾಕ್ತಾರೆ?” ಅಜ್ಜಿ ಕೇಳಿದಳು.

“ನಿನ್ನ ಸೊಸೆಗೆ ಬೇರೆ ಕೆಲಸ ಏನಿದೆ?”

ಅಮ್ಮ ಗುಂಡುಸೂಜಿ ತೆಗೆದಳು, ನಗುವುದಕ್ಕೆ. ಅಲ್ಲಿಗೆ ಬೈಕು ಎಂದು ತೀರ್ಮಾನವಾಯಿತು.

ಜಾಹೀರಾತು ಹುಡುಕಿ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗುರುತಿಲ್ಲದವರೊಂದಿಗೆ ಮಾತಾಡುವುದೆಂದರೆ ನನಗೆ ಆಗದು. ತಮ್ಮ ನನಗಿಟ್ಟ ಹೆಸರೇ ಮೌನಗೌರಿ. ಹೇಳಬೇಕಾದ್ದನ್ನೆಲ್ಲ ಮೊದಲು ಕಾಗದದ ಮೇಲೆ ಬರೆದುಕೊಂಡು ಓದಿದೆ: “ನಮಸ್ಕಾರ. ತಾವು ಮಾರಾಟಕ್ಕೆ ಇಟ್ಟಿರುವ ದ್ವಿಚಕ್ರ ವಾಹನ ಇನ್ನೂ ಲಭ್ಯವಿದೆಯೇ?”

“ಯಾವ ಆಫೀಸಿಂದಮ್ಮ ನೀವು?” ಎಂದಿತು ಆ ಕಡೆಯಿಂದ ಹೆದರಿದ ಗಂಡಸಿನ ದನಿ. “ತೆರಿಗೆ ಕಟ್ಟಿದೀನಲ್ಲಾ?”

ತಮ್ಮ ಸೋಫಾದ ಮೇಲೆ ಬಿದ್ದು ಹೊರಳಾಡಿದ. ಆಮೇಲಿನ ಕಾಗದಗಳಲ್ಲಿ “ಬೈಕು ಇದೆಯಾ” ಎಂದಷ್ಟೇ ಬರೆದುಕೊಂಡೆ.

ಅಪ್ಪನದು ಒಂದೇ ಶರತ್ತು: ನಾವು ಬರುವ ತನಕ ಎಂಜಿನ್ ಶುರು ಮಾಡಕೂಡದು. ಯಂತ್ರದ ಗುಣ ತಿಳಿಯುವುದು ಅದು ತಣ್ಣಗಿದ್ದು ಎದ್ದೇಳುವಾಗ ಎಂದು ಅವರ ಸಿದ್ಧಾಂತ. ಮೊದಲು ನೋಡಿದ್ದು ಒಬ್ಬ ವ್ಯಾಯಾಮ ಶಾಲೆಯವನ ಬೈಕು, ಕೆಂಪು, ಕನ್ನಡಿಯಂತೆ ಹೊಳೆಯುತ್ತಿತ್ತು. ತಮ್ಮ ಆಗಲೇ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಭಂಗಿಗೆ ಬಂದಿದ್ದ. ಅಪ್ಪ ಎಂಜಿನ್ನಿನ ಮೇಲೆ ಅಂಗೈ ಇಟ್ಟರು.

“ಇದು ನಮಗಿಂತ ಮೊದಲೇ ಎದ್ದು ಸ್ನಾನ ಮಾಡಿದೆಯಲ್ಲ ಸ್ವಾಮಿ.”

“ಬಿಸಿಲಿಗೆ ಬಿಸಿಯಾಗಿದೆ ಸರ್.”

“ನೆರಳಲ್ಲಿ ನಿಲ್ಸಿದೀರಿ,” ಎಂದು ಅಪ್ಪ ವಾಪಸ್ ಹೊರಟರು.

ಎರಡನೆಯದರ ಚೈನು ಸಡಿಲ, ಮೂರನೆಯದಕ್ಕೆ ಕಾಗದಪತ್ರ ಇಲ್ಲ, ನಾಲ್ಕನೆಯದು ಕೆಮ್ಮುತ್ತಿತ್ತು. ಎರಡು ವಾರ ಹೀಗೇ ಕಳೆಯಿತು. ಮನೆಯಲ್ಲಿ ಊಟವೆಂದರೆ ಬೈಕಿನ ಪಂಚಾಯಿತಿ. ಅಜ್ಜಿ ಪ್ರತಿಯೊಂದಕ್ಕೂ “ಅದಕ್ಕೆ ಹೊಟ್ಟೆ ಎಷ್ಟು?” ಎಂದು ಕೇಳುವಳು, ಎಷ್ಟು ಪೆಟ್ರೋಲ್ ಕುಡಿಯುತ್ತದೆ ಎಂದು ಅರ್ಥ.

ಐದನೆಯದು ಒಬ್ಬ ಭೂಮಾಪಕರದು. ಜಮೀನು ಅಳೆಯುತ್ತ ಊರೂರು ತಿರುಗಿದವರು, ಈಗ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಬೈಕು ಹತ್ತುವಂತಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಹೊರಗೆ ಬಂದರು, ಅಷ್ಟು ಎತ್ತರ. ಬೂದಿ ಬಣ್ಣದ ಬೈಕು, ಎರಡು ಕಡೆ ಪೆಟ್ಟಿಗೆ, ಗಾಜಿನ ಮೇಲೆ ಒಂದು ಗೀರು. ಯಾವ ದಿನ ಎಣ್ಣೆ ಬದಲಾಯಿಸಿದ್ದು, ಯಾವ ದಿನ ಬ್ರೇಕು ಬಿಗಿಸಿದ್ದು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಾನು ಬೈಕು ನೋಡುವುದು ಬಿಟ್ಟು ಅದನ್ನು ಓದುತ್ತ ನಿಂತೆ.

“ನಲವತ್ತೊಂದು ಸಾವಿರ ಓಡಿದೆ. ಮುಚ್ಚಿಡಲ್ಲ,” ಎಂದರು ಭೂಮಾಪಕರು.

ಅಪ್ಪ ಎಂಜಿನ್ ಮುಟ್ಟಿದರು. ತಣ್ಣಗಿತ್ತು. ಒಂದೇ ಸಲಕ್ಕೆ ಎದ್ದಿತು. ನಮ್ಮ ಬೀದಿಯ ಮೆಕ್ಯಾನಿಕ್ ಜೊತೆಯಲ್ಲಿ ಬಂದಿದ್ದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗಿಟ್ಟು ಕೇಳುವುದರಿಂದ ಅವನಿಗೆ ಡಾಕ್ಟರ್ ಎಂದೇ ಹೆಸರು. ಡಾಕ್ಟರ್ ಕಣ್ಣು ಮುಚ್ಚಿ ಕೇಳಿ, “ಎದೆ ಚೆನ್ನಾಗಿದೆ,” ಎಂದ.

“ಸೀಟು ಎಷ್ಟು ಎತ್ತರ?” ಅಪ್ಪ ಕೇಳಿದರು.

“ಮೂವತ್ತೆರಡು ಇಂಚು. ನಾನೇ ಅಳೆದಿದೀನಿ.”

ಅಪ್ಪ ಮನಸ್ಸಿನಲ್ಲೇ ಕೂಡಿ ಗಟ್ಟಿಯಾಗಿ ಹೇಳಿದರು. “ನನ್ನ ಕಾಲಿನ ಒಳ ಉದ್ದ ಮೂವತ್ತು. ಬೂಟು ಒಂದಿಂಚು ಕೊಡುತ್ತೆ. ಬೆರಳ ಮೇಲೆ ನಿಂತ್ರೆ ಇನ್ನೊಂದಿಂಚು. ಸರಿಹೋಯ್ತಲ್ಲ!”

ನಾನು ನೋಟ್‌ಬುಕ್ಕಿನಿಂದ ತಲೆ ಎತ್ತಿದೆ.

ಇಲ್ಲಿ ನಮ್ಮ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಅಮ್ಮ ಯಾರ ಅಳತೆಯನ್ನೂ ಗಟ್ಟಿಯಾಗಿ ಹೇಳುವುದಿಲ್ಲ. ಸೊಂಟದ ಸುತ್ತಳತೆ ಕೂಗಿ ಹೇಳಿದ ದರ್ಜಿಯ ಹತ್ತಿರ ಗಿರಾಕಿ ಎರಡನೇ ಸಲ ಬರುವುದಿಲ್ಲ ಎಂದು ಅವಳ ಅಪ್ಪ ಕಲಿಸಿದ್ದು. ಗಿರಾಕಿಗಳು ತಾವೇ ಒಂದು ಅಂಕಿ ಹೇಳುತ್ತಾರೆ, ಹತ್ತು ವರ್ಷದ ಹಿಂದಿನದು. ಅಮ್ಮ “ಹೂಂ” ಎನ್ನುತ್ತಾಳೆ, ಟೇಪು ಹಿಡಿಯುತ್ತಾಳೆ, ಹೆಬ್ಬೆರಳಿಟ್ಟು ನನಗೆ ತೋರಿಸುತ್ತಾಳೆ. ಅಳತೆ ಪುಸ್ತಕದಲ್ಲಿ ಗಿರಾಕಿ ಹೇಳಿದ್ದನ್ನು ಮೇಲೆ ಶಾಯಿಯಲ್ಲಿ, ಟೇಪು ಹೇಳಿದ್ದನ್ನು ಕೆಳಗೆ ಪೆನ್ಸಿಲಿನಲ್ಲಿ ನಾನು ಬರೆಯುತ್ತೇನೆ. ಬಟ್ಟೆ ಕತ್ತರಿಸುವುದು ಪೆನ್ಸಿಲಿನ ಪ್ರಕಾರ. ಬಾಯಿ ಬಿಡಬೇಕಾಗಿಲ್ಲದ ಕೆಲಸವಾದ್ದರಿಂದ ನನಗೆ ಹೇಳಿ ಮಾಡಿಸಿದಂತಿತ್ತು.

ಆ ಪುಸ್ತಕದಲ್ಲಿ ಅಪ್ಪನಿಗೂ ಒಂದು ಪುಟವಿದೆ. ಕಾಲಿನ ಒಳ ಉದ್ದ, ಅಂದರೆ ತೊಡೆಯ ಸಂದಿನಿಂದ ಪಾದದವರೆಗೆ, ಶಾಯಿಯಲ್ಲಿ ಮೂವತ್ತು. ಪೆನ್ಸಿಲಿನಲ್ಲಿ ಇಪ್ಪತ್ತೆಂಟು.

ಅಪ್ಪ ಭೂಮಾಪಕರ ಅಂಗಳದಲ್ಲಿ ಒಂದು ಸುತ್ತು ಹೊಡೆದು ಮೆಟ್ಟಿಲ ಪಕ್ಕ ಬಂದು ನಿಂತರು, ಒಂದು ಕಾಲು ಮೆಟ್ಟಿಲ ಮೇಲೆ. ಮುಖ ಮದುವೆಯ ಫೋಟೊದಲ್ಲಿದ್ದ ಹಾಗೆ ಅರಳಿತ್ತು. ನಾನು ನೋಟ್‌ಬುಕ್ಕು ಮುಚ್ಚಿದೆ.

“ಮುಂಗಡ ಕೊಟ್ಟು ತಗೊಂಡು ಹೋಗಿ. ಒಂದು ವಾರ ಓಡ್ಸಿ. ಹಿಡಿಸದಿದ್ರೆ ವಾಪಸ್ ತನ್ನಿ, ಬೇಜಾರಿಲ್ಲ,” ಎಂದರು ಭೂಮಾಪಕರು.

ಅಂದು ಊಟದಲ್ಲಿ ಅಪ್ಪ ಮೂವತ್ತು, ಒಂದು, ಒಂದು ಎಂದು ಬೆರಳು ಮಡಚಿ ಮತ್ತೆ ಲೆಕ್ಕ ಒಪ್ಪಿಸಿದರು. ಅಮ್ಮನ ಕೈ ತಟ್ಟೆಯ ಮೇಲೇ ನಿಂತಿತು. ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. “ಸ್ವಲ್ಪ ಸೊಪ್ಪು ಹಾಕಿಕೊಳ್ಳಿ,” ಎಂದಳು ಅಪ್ಪನಿಗೆ.

ಅಪ್ಪ ಅಡುಗೆಮನೆಗೆ ಹೋದಾಗ ಪಿಸುಗುಟ್ಟಿದೆ. “ಅಮ್ಮ, ಹೇಳಬಾರದಾ?”

“ಕೂತ ಮೇಲೆ ತಾವೇ ತಿಳ್ಕೊತಾರೆ ಬಿಡು. ಇಷ್ಟು ವರ್ಷ ಹೇಳದೆ ಇದ್ದು ಈಗ ಹೇಗೆ ಹೇಳ್ಲಿ?”

ದಾರಿಯಲ್ಲಿ ಬೈಕು ಬಂಗಾರ. ಹೊಸ ಶೆಡ್ಡಿಗೆ ಹೋಗಿಬಂದ ಅಪ್ಪ ನೆಲದ ಮೇಲೆ ಮಲಗಲಿಲ್ಲ, ನೇರ ಒಲೆಯ ಮುಂದೆ ನಿಂತರು. “ಲಾರಿ ಪಕ್ಕದಲ್ಲಿ ಹೋಗಿದ್ದೇ ಗೊತ್ತಾಗಲ್ಲ. ಎಪ್ಪತ್ತು ನಿಮಿಷ!” ಆದರೆ ಅವರು ಎಲ್ಲಿ ನಿಲ್ಲಿಸಿದರೂ ಕಲ್ಲೋ ಮೆಟ್ಟಿಲೋ ಹುಡುಕುವುದನ್ನು ನಾನು ಕಿಟಕಿಯಿಂದ ನೋಡಿದೆ. ಕಾರಿನವರಿಗೆ ದಾರಿ ಬಿಡುವಂತೆ ನಟಿಸುತ್ತ ರಸ್ತೆಯ ಅಂಚಿಗೇ ಹೋಗುತ್ತಿದ್ದರು.

ನಾಲ್ಕನೆಯ ದಿನ ಸಂಜೆ ಎರಡೂ ಪೆಟ್ಟಿಗೆಯಲ್ಲಿ ತರಕಾರಿ ತುಂಬಿಕೊಂಡು ಬಂದರು. ನಮ್ಮ ಮನೆಯ ಮುಂದೆ ಜಲ್ಲಿ ಹಾಸಿದೆ. ಕಾಲು ಊರಲು ಚಾಚಿದರು, ಬೂಟಿನ ತುದಿ ಜಲ್ಲಿಯಲ್ಲಿ ಜಾರಿತು, ಬೈಕು ಒಂದು ಕಡೆಗೆ ಮೆಲ್ಲಗೆ, ಬಹಳ ಮೆಲ್ಲಗೆ, ಮಲಗುವ ಎಮ್ಮೆಯಂತೆ ವಾಲಿತು. ಅಪ್ಪನೂ ಅದರೊಂದಿಗೆ ವಾಲಿದರು. ಈರುಳ್ಳಿ ಚರಂಡಿಯವರೆಗೆ ಉರುಳಿತು. ಅಮ್ಮನ ಇಬ್ಬರು ಗಿರಾಕಿಗಳು ಬಾಗಿಲಿಗೆ ಬಂದು “ಅಯ್ಯೋ” ಎಂದರು.

ಮೊಣಕೈ ತರಚಿತ್ತು, ಬೈಕಿನ ಒಂದು ಕನ್ನಡಿ ಒಡೆದಿತ್ತು. ಅಷ್ಟೇ. ತಮ್ಮ, ಡಾಕ್ಟರ್ ಸೇರಿ ಬೈಕು ಎತ್ತಿದರು. ಅಪ್ಪ ಈರುಳ್ಳಿ ಆಯ್ದರು, ಒಂದೊಂದನ್ನೇ, ಯಾರ ಮುಖವನ್ನೂ ನೋಡದೆ.

ಆ ರಾತ್ರಿಯ ಅಡುಗೆಗೆ ಉಪ್ಪಿರಲಿಲ್ಲ. ಎಲ್ಲರೂ ಹಾಗೇ ಉಂಡರು. ಅಜ್ಜಿ ಕೂಡ.

“ರೂಮೇ ವಾಸಿ,” ಎಂದರು ಅಪ್ಪ ಕೊನೆಗೆ. “ನನ್ನ ಕೈಲಾಗಲ್ಲ. ಮೊದ್ಲು ಇದಕ್ಕಿಂತ ಭಾರದ್ದು ತಳ್ತಿದ್ದೆ. ಈಗ ಕಾಲಲ್ಲಿ ಶಕ್ತಿ ಇಲ್ಲ. ನಿಂತ್ರೆ ನಡುಗುತ್ತೆ.”

“ಬಿದ್ದಿದ್ದು ಒಂದು ಸಲ ಅಪ್ಪ,” ಎಂದ ತಮ್ಮ.

“ಲಾರಿ ಎದುರಿಗೆ ಬೀಳೋಕೂ ಒಂದು ಸಲ ಸಾಕು ಕಣೋ.”

ಮಾರನೆಯ ದಿನ ಅಮ್ಮ ಅಪ್ಪನ ಅಂಗಿಗಳನ್ನು ಇಸ್ತ್ರಿ ಮಾಡಿ ಒಂದರ ಮೇಲೊಂದು ಇಟ್ಟಳು. ಆರು ಅಂಗಿ. ಅಟ್ಟದಿಂದ ಸೂಟ್‌ಕೇಸು ಇಳಿಯಿತು. ಅಭ್ಯಾಸವಾಗಲಿ ಎಂದು ಅಜ್ಜಿಯ ಕಣ್ಣಿಗೆ ನಾನು ಔಷಧಿ ಬಿಡಲು ಹೋದೆ. ಒಂದು ಹನಿ ಮೂಗಿಗೆ, ಒಂದು ಹನಿ ಕಿವಿಗೆ ಬಿತ್ತು. “ಕಣ್ಣು ನಡುವೆ ಇದೆ ತಾಯಿ,” ಎಂದಳು ಅಜ್ಜಿ. ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿ ಕೂತಳು.

ಸಂಜೆ ಅಪ್ಪ ನನ್ನನ್ನು ಕರೆದರು. “ಭೂಮಾಪಕರಿಗೆ ಫೋನ್ ಮಾಡಮ್ಮ. ಬೈಕು ವಾಪಸ್ ತರ್ತೀವಿ, ಕನ್ನಡಿ ಹಾಕಿಸಿಕೊಡ್ತೀವಿ ಅಂತ ಹೇಳು.”

ನಾನು ಕಾಗದದ ಮೇಲೆ ಬರೆದುಕೊಂಡೆ. “ಬೈಕು ವಾಪಸ್ ತರುತ್ತೇವೆ.” ಅಂಕಿಗಳನ್ನೂ ಒತ್ತಿದೆ. ಆ ಕಡೆ ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಮುಂದಿನ ಕೋಣೆಗೆ ಹೋಗಿ, ಮೆಷಿನ್ ತುಳಿಯುತ್ತಿದ್ದ ಅಮ್ಮನ ಪಕ್ಕದಿಂದ ಅಳತೆ ಪುಸ್ತಕ ತೆಗೆದುಕೊಂಡೆ. ಅಮ್ಮನ ಕಾಲು ನಿಂತಿತು. ಪುಸ್ತಕ ಕಿತ್ತುಕೊಳ್ಳುವಳೇನೋ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ.

ಅಪ್ಪ ಸೂಟ್‌ಕೇಸಿನ ಬೀಗ ತಿರುಗಿಸುತ್ತಿದ್ದರು.

“ಅಪ್ಪ, ನಿಮ್ಮ ಕಾಲು ಇಪ್ಪತ್ತೆಂಟು.”

ನನ್ನ ದನಿ ಅಂಗಡಿಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿತ್ತು. ಅಷ್ಟು ಗಟ್ಟಿ ಮಾತಾಡಿ ಅಭ್ಯಾಸವಿಲ್ಲದ್ದರಿಂದ ಹದ ಸಿಕ್ಕಿರಲಿಲ್ಲ.

“ಏನು ಇಪ್ಪತ್ತೆಂಟು?”

“ಒಳ ಉದ್ದ. ಮೂವತ್ತಲ್ಲ. ಇಲ್ಲಿ ನೋಡಿ, ಮೇಲಿರೋದು ನೀವು ಹೇಳಿದ್ದು. ಕೆಳಗಿರೋದು ಟೇಪು ಹೇಳಿದ್ದು.”

ಅಪ್ಪ ಕನ್ನಡಕ ಹಾಕಿಕೊಂಡರು. ಪುಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಬಾಗಿಲಲ್ಲಿ ಬಂದು ನಿಂತಿದ್ದ ಅಮ್ಮನ ಕೊರಳಲ್ಲಿ ಟೇಪು ತೂಗುತ್ತಿತ್ತು.

“ಏನಿದು?”

“ಮೊದಲನೇ ಸಲ ನಮ್ಮಪ್ಪನ ಅಂಗಡಿಗೆ ಪ್ಯಾಂಟು ಹೊಲಿಸೋಕೆ ಬಂದಿದ್ರಲ್ಲ,” ಎಂದಳು ಅಮ್ಮ. “ಅಳತೆ ಕೇಳಿದ್ರೆ ಎದೆ ಉಬ್ಬಿಸಿ ‘ಮೂವತ್ತು’ ಅಂದ್ರಿ. ಹಾಕಿಕೊಂಡಿದ್ದ ಪ್ಯಾಂಟಿನ ಕೆಳಗೆ ಎರಡು ಮಡಿಕೆ. ನಾನು ಹೂಂ ಅಂದೆ.”

“ಅವತ್ತು ಅಂದೆ ಸರಿ. ಇಪ್ಪತ್ತಾರು ವರ್ಷಾನೂ ಹೂಂ ಅಂದ್ಯಾ?”

“ಪ್ಯಾಂಟು ಸರಿಯಾಗಿ ಕೂರ್ತಿತ್ತಲ್ಲ. ಹೇಳಿ ಏನು ಮಾಡಬೇಕಿತ್ತು?”

“ಬಿದ್ದೆನಲ್ಲೇ ನಾನು! ಬೀದೀಲಿ! ಈರುಳ್ಳಿ ಸಮೇತ!”

“ಅದಕ್ಕೇ ನಿನ್ನೆಯಿಂದ ಹೇಳೋಕೆ ಒದ್ದಾಡ್ತಿದೀನಿ. ಆರು ಅಂಗಿ ಇಸ್ತ್ರಿ ಮಾಡೋವಾಗ ಆರು ಸಲ ಬಾಯಿಗೆ ಬಂತು.” ಅಮ್ಮನ ಕಣ್ಣು ತುಂಬಿತು.

ಒಳಗಿನಿಂದ ಅಜ್ಜಿಯ ದನಿ ಬಂತು. “ಅವನಪ್ಪಂದೂ ಅಷ್ಟೇ. ಕಾಲು ಗಿಡ್ಡ, ಮಾತು ಉದ್ದ.”

“ನಿಂಗೂ ಗೊತ್ತಿತ್ತಾ?”

“ಹೆತ್ತವಳು ನಾನು.”

ಅಪ್ಪ ಮಂಚದ ಅಂಚಿನಲ್ಲಿ ಕೂತರು. ಬಯ್ಯುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಬೆರಳು ಮಡಚುತ್ತಿದ್ದರು. ಇಪ್ಪತ್ತೆಂಟು, ಒಂದು, ಒಂದು. ಮೂವತ್ತು. ಸೀಟು ಮೂವತ್ತೆರಡು.

“ಎರಡಿಂಚು ಗಾಳಿಯಲ್ಲಿದ್ದೆ ನಾನು,” ಎಂದರು ನಿಧಾನವಾಗಿ. “ಅಂದ್ರೆ… ನನ್ನ ಕಾಲಿಗೆ ಏನೂ ಆಗಿಲ್ಲ?”

“ಏನೂ ಆಗಿಲ್ಲ ರೀ. ಇದ್ದಿದ್ದೇ ಅಷ್ಟು.”

ಅಪ್ಪ ಮೊದಲು ಉಸಿರು ಬಿಟ್ಟರು, ಬಾಯ್ಲರಿನ ಕವಾಟ ತೆರೆದ ಹಾಗೆ. ಆಮೇಲೆ ನಕ್ಕರು. ತರಚಿದ ಮೊಣಕೈ ಹಿಡಿದುಕೊಂಡು ನಕ್ಕರು. ತಮ್ಮ “ಮೌನಗೌರಿ ಬಾಯಿ ಬಿಟ್ಟಳು, ಮನೆ ಉಳೀತು” ಎಂದು ನನ್ನ ಜಡೆ ಎಳೆದ.

“ಕಾಲು ಎಳೆದು ಉದ್ದ ಮಾಡೋಕಾಗಲ್ಲ,” ಎಂದಳು ಅಮ್ಮ ಕಣ್ಣೊರೆಸಿಕೊಂಡು. ಅವಳ ದನಿ ಆಗಲೇ ಅಂಗಡಿಯ ದನಿಯಾಗಿತ್ತು. “ಆ ಸೀಟು ಬಿಚ್ಚಿ ತನ್ನಿ.”

ಭಾನುವಾರ ನಮ್ಮ ಅಂಗಡಿಗೆ ಬಾಗಿಲು ಹಾಕಿತ್ತು, ಒಳಗೆ ಬೈಕಿನ ಸೀಟು. ಅಮ್ಮ ಕವರಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ನನ್ನ ಅಂಗೈಗೆ ಹಾಕಿದಳು. ಸ್ಪಂಜಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿಸಲು ಅಪ್ಪನ ಬ್ರೆಡ್ ಕೊಯ್ಯುವ ಚಾಕು.

“ಒಂದೂವರೆ ಇಂಚಿಗಿಂತ ಜಾಸ್ತಿ ತೆಗೆದ್ರೆ ಕೆಳಗಿನ ತಗಡು ಚುಚ್ಚುತ್ತೆ ಅಕ್ಕಾ,” ಎಂದ ಡಾಕ್ಟರ್. “ಇನ್ನರ್ಧ ಇಂಚು ಹಿಂದಿನ ಸ್ಪ್ರಿಂಗ್ ತಿರುಗಿಸಿ ನಾನು ಕೊಡ್ತೀನಿ.”

“ಎತ್ತರ ಅಷ್ಟೇ ಅಲ್ಲಪ್ಪಾ. ಅಗಲ ನೋಡು.” ಅಮ್ಮ ಸೀಟಿನ ಮುಂಭಾಗ ತೋರಿಸಿದಳು. “ಕಾಲು ಅಗಲಿಸಿ ನಿಂತ್ರೆ ಎಂಥವರ ಕಾಲೂ ಗಿಡ್ಡ ಆಗುತ್ತೆ. ಇಲ್ಲಿ ಎರಡೂ ಕಡೆ ಸವರಿದ್ರೆ ಕಾಲು ನೇರ ಇಳಿಯುತ್ತೆ.”

ಡಾಕ್ಟರ್ ತಲೆ ಕೆರೆದುಕೊಂಡ. “ಇದು ನಮ್ಮ ಗ್ಯಾರೇಜಲ್ಲಿ ಯಾರಿಗೂ ಹೊಳೆದಿಲ್ಲ.”

“ನೀವು ಪ್ಯಾಂಟು ಹೊಲಿದಿಲ್ಲ.”

ದಪ್ಪ ಸೂಜಿ ಹಾಕಿ ಅಮ್ಮ ಕವರನ್ನು ಹೊಸ ಆಕಾರಕ್ಕೆ ಹೊಲಿದಳು. ಅಪ್ಪ ಬೂಟು ಹಾಕಿಕೊಂಡು ಬೈಕಿನ ಮೇಲೆ ಕೂತರು, ಮೆಟ್ಟಿಲಿನಿಂದ ದೂರ, ಜಲ್ಲಿಯ ನಟ್ಟ ನಡುವೆ. ಎರಡೂ ಪಾದ ಇಳಿದವು. ಜಲ್ಲಿ ಕರಕ್ ಎಂದಿತು. ಆಚೆಗೆ ಈಚೆಗೆ ವಾಲಿಸಿ ನೋಡಿದರು. ಬೈಕು ಕೇಳಿದಷ್ಟೇ ವಾಲಿ ವಾಪಸ್ ಬಂತು.

“ಸೂಟ್‌ಕೇಸು ಅಟ್ಟಕ್ಕೆ ಹಾಕೋ,” ಎಂದರು ತಮ್ಮನಿಗೆ.

ನಾನು ಭೂಮಾಪಕರಿಗೆ ಫೋನು ಮಾಡಿ ಬೈಕು ನಮಗೇ ಇರಲಿ ಎಂದೆ. ಕಾಗದ ನೋಡಲಿಲ್ಲ. ಸೀಟಿನ ಕಥೆ ಹೇಳಿದೆ. ಅವರು ನಗುತ್ತ, ಹೊಸ ಎತ್ತರವನ್ನು ಆ ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿದರು.

ಒಂದನೇ ತಾರೀಕು ಅಪ್ಪ ಬೆಳಗಿನ ನಾಲ್ಕೂವರೆಗೆ ಹೊರಟರು. ಮಧ್ಯಾಹ್ನ ಮೂರುಮುಕ್ಕಾಲು ಆದಾಗಿನಿಂದ ಅಜ್ಜಿ ಕುರ್ಚಿಯನ್ನು ಕಿಟಕಿಗೆ ಹಾಕಿಸಿಕೊಂಡು ಕೂತಿದ್ದಳು. ಅಮ್ಮ ಮೆಷಿನ್ ತುಳಿಯುತ್ತಿದ್ದಳು, ಆದರೆ ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಜಲ್ಲಿ ಸದ್ದು ಮಾಡಿತು. ಎರಡು ಪಾದದ ಸದ್ದು, ಒಟ್ಟಿಗೆ.

ಐದಕ್ಕೆ ಅಜ್ಜಿಯ ಕಣ್ಣಿಗೆ ಎರಡು ಹನಿ, ಕಣ್ಣಿಗೇ ಬಿದ್ದವು. ಆಮೇಲೆ ಒಲೆ ಹೊತ್ತಿತು.

ಊಟಕ್ಕೆ ಕೂರುವ ಮೊದಲು ನಾನು ಹೊಸ ಎತ್ತರ ಬರೆದಿಡೋಣವೆಂದು ಅಳತೆ ಪುಸ್ತಕದಲ್ಲಿ ಬೈಕಿಗೊಂದು ಪುಟ ತೆರೆದೆ. ಮೇಲೆ ಶಾಯಿಯಲ್ಲಿ, ಭೂಮಾಪಕರು ಹೇಳಿದ್ದು: ಮೂವತ್ತೆರಡು. ಅಮ್ಮ ಹೊರಗೆ ಹೋಗಿ ಸೀಟಿನಿಂದ ನೆಲಕ್ಕೆ ಟೇಪು ಬಿಟ್ಟು, ಅಭ್ಯಾಸದಂತೆ ಬಾಯಿ ಬಿಡದೆ ಹೆಬ್ಬೆರಳಿಟ್ಟು ತೋರಿಸಿದಳು. ಕೆಳಗೆ ಪೆನ್ಸಿಲಿನಲ್ಲಿ ಬರೆದೆ.

ಅಪ್ಪ ಸೌಟು ಹಿಡಿದುಕೊಂಡೇ ಬಂದು ಇಣುಕಿದರು.

“ಎಷ್ಟು ಬಂತು?”

“ಮೂವತ್ತು,” ಎಂದೆ, ಗಟ್ಟಿಯಾಗಿ.

“ನಾನು ಮೊದಲಿಂದ ಹೇಳ್ತಾನೇ ಇದೀನಲ್ಲ!” ಎಂದು ಅಪ್ಪ ಸೌಟು ಬೀಸುತ್ತ ಒಳಗೆ ಹೋದರು. ಅಮ್ಮ “ಹೂಂ” ಎಂದಳು.